ಅಂಗಿಯಡಿಯ ಉಬ್ಬು

ಬೋರಲಿಂಗೇಗೌಡನ ಸೊಂಟದಲ್ಲಿ ಆ ದೊಡ್ಡ ಪಿಸ್ತೂಲು ಇದ್ದಷ್ಟು ದಿನ ಅವನ ಕಲ್ಲುಕ್ವಾರಿಯ ಕಡೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಒಂದು ಗುಂಡು ಹಾರಿದರೆ ಇನ್ನೊಂದನ್ನು ತಾನೇ ಏರಿಸಿಕೊಳ್ಳುವ ಆ ಪಿಸ್ತೂಲನ್ನು ಅವನು ಹಾರಿಸಿದ್ದೇ ಇಲ್ಲ. ಅಂಗಿಯಡಿ ಉಬ್ಬಿ ಕಂಡರೆ ಸಾಕಿತ್ತು.

ಚುನಾವಣೆ ಬಂತು. ಲೈಸೆನ್ಸ್ ಇದ್ದವರೆಲ್ಲ ಕೋವಿ, ಪಿಸ್ತೂಲು ಠಾಣೆಗೆ ಒಪ್ಪಿಸಬೇಕೆಂದು ಆದೇಶವಾಯಿತು. ತನಗೆ ವಿನಾಯಿತಿ ಸಿಕ್ಕಿದೆಯೆಂದು ಊರಿಗೆಲ್ಲ, ಮನೆಯವರಿಗೂ ಹೇಳಿಕೊಂಡ ಗೌಡ, ಗುಟ್ಟಾಗಿ ಆಟೋದಲ್ಲಿ ಹೋಗಿ ಒಪ್ಪಿಸಿ ಬಂದ. ಖಾಲಿಯಾದ ಚರ್ಮದ ಚೀಲಕ್ಕೆ ಅಡುಗೆಮನೆಯ ಶುಂಠಿ ಜಜ್ಜುವ ಕಲ್ಲನ್ನು ತುರುಕಿ ಸೊಂಟಕ್ಕೆ ಬಿಗಿದ. ಉಬ್ಬು ಅಷ್ಟೇ ಇತ್ತು, ಭಾರವೂ ಅಷ್ಟೇ.

ಬೆಳಿಗ್ಗೆ ಹೆಂಡತಿ ರೇಗಿದಳು. "ಜಜ್ಜೋ ಕಲ್ಲು ಎಲ್ಲಿ ಹಾಳಾಗೋಯ್ತೋ! ಇವತ್ತು ಶುಂಠಿ ಇಲ್ದಿರೋ ಟೀನೇ ಗತಿ."

ಗೌಡ ಅಂಗಿಯನ್ನು ಸೊಂಟದ ಉಬ್ಬಿನ ಮೇಲೆ ಎಳೆದುಕೊಂಡ. ಜೊತೆಗೆ ಕೂತಿದ್ದ ತಮ್ಮ ಆ ಉಬ್ಬನ್ನೇ ನೋಡುತ್ತ ಸಪ್ಪೆ ಟೀಯನ್ನು ನಿಧಾನವಾಗಿ ಕುಡಿದು ಎದ್ದ. "ಬಾ ಅಣ್ಣ, ಕ್ವಾರಿಗೆ ನಾನೇ ಬಿಡ್ತೀನಿ."

ಕ್ವಾರಿಯ ತಿರುವಿನಲ್ಲಿ ತಮ್ಮ ಜೀಪು ನಿಲ್ಲಿಸಿದ. ಎದುರಿಗೆ ಮಚ್ಚು ಹಿಡಿದ ಇಬ್ಬರು ಅಡ್ಡ ನಿಂತಿದ್ದರು. ಗೌಡ ಕೆಳಗಿಳಿದು ಸೊಂಟಕ್ಕೆ ಕೈ ಹಾಕಿದ.

"ಒಂದು ಹೆಜ್ಜೆ ಮುಂದಿಟ್ರೆ ಸುಟ್ಟಾಕ್ಬಿಡ್ತೀನಿ ಕಣ್ರೋ!"

ಇಬ್ಬರೂ ಬೆಚ್ಚಿ ಹಿಂದೆ ಸರಿದರು. ಗೌಡನಿಗೆ ಹೋದ ಜೀವ ಬಂದಂತಾಯಿತು.

ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ ತಮ್ಮ ಕೂಗಿ ಹೇಳಿದ: "ಹೆದರ್ಬೇಡ್ರೋ, ಅದು ನಮ್ಮತ್ತಿಗೆ ಶುಂಠಿ ಜಜ್ಜೋ ಕಲ್ಲು."