ಕೊಂಕಣಿ ಇದ್ದ ಜಾಗ

ಕಾರವಾರದ ಬಂದರಿನಲ್ಲಿ ದುಭಾಷಿ ಕೆಲಸ ಸಿಗಬೇಕಾದರೆ ಸುಲಕ್ಷಾಳಿಗೆ ಸೋಮವಾರದೊಳಗೆ ಚೀನೀ ಭಾಷೆ ಬರಬೇಕಿತ್ತು. ಮೊಬೈಲ್ ಅಂಗಡಿಯ ಗಜಾನನ ಎರಡು ಆ್ಯಪ್ ತೋರಿಸಿದ.

"ಇದ್ರಲ್ಲಿ ಕಲೀಲಿಕ್ಕೆ ಎರಡು ವರ್ಷ ಬೇಕು. ಇದಾದ್ರೆ ಒಂದೇ ತಾಸು. ಆದ್ರೆ ನಿಮ್ಗೆ ಬರೂ ಒಂದು ಭಾಷೆ ಅಳಿಸಿ ಜಾಗ ಮಾಡ್ಕಳ್ತದೆ. ಯಾವ್ದು ತೆಗೀಲಿ?"

ಕನ್ನಡ, ಹಿಂದಿ ಎರಡೂ ಕೆಲಸಕ್ಕೆ ಬೇಕಾಗಿದ್ದವು.

"ಕೊಂಕಣಿ ತೆಗೀರಿ. ಆಯಿ ಹೋದ್ಮೇಲೆ ಮನೇಲಿ ಮಾತಾಡೂರು ಯಾರೂ ಇಲ್ಲ."

"ತಿರುಗಿ ಬರೂದಿಲ್ಲ, ಅಕ್ಕಾ."

"ಗೊತ್ತು," ಎಂದು ಸುಲಕ್ಷಾ ಫೋನ್ ಚಾಚಿದಳು.

ಸೋಮವಾರ ಬೆಳಗಿನ ಜಾವದ ಕನಸಿನಲ್ಲಿ ಆಯಿ ಬಂದು ಮಗಳ ತಲೆ ಸವರುತ್ತ ಬಹಳ ಹೊತ್ತು ಏನೇನೋ ಹೇಳಿದಳು. ಸುಲಕ್ಷಾಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಎಚ್ಚರವಾದ ಮೇಲೆ ಅಳು ಬರಬಹುದೆಂದು ಹಾಸಿಗೆಯಲ್ಲೇ ಕೂತು ಕಾದಳು. ಬರಲಿಲ್ಲ. ಎದ್ದು ಸೀರೆ ಉಟ್ಟು ಬಂದರಿಗೆ ಹೊರಟಳು.