ತಪ್ಪದ ಲಯ

ಅಂಗಿಯ ಗುಂಡಿ ಹಾಕಿಕೊಡುತ್ತಿದ್ದ ಹೆಂಡತಿಗೆ ಮೃದಂಗದ ಮೇಷ್ಟ್ರು ಮತ್ತೊಮ್ಮೆ ತಾಕೀತು ಮಾಡಿದರು.

“ಬೆರಳಿಗೆ ಸ್ಪರ್ಶವೇ ತಿಳೀತಿಲ್ಲ ಅಂತ ಡಾಕ್ಟರಮ್ಮನ ಮುಂದೆ ಬಾಯಿ ಬಿಟ್ಟೀಯ ಕಣೇ! ಕಿಮೋ ನರಕ್ಕೆ ತಗುಲಿದೆ ಅಂತ ಔಷಧಿ ಕಡಿಮೆ ಮಾಡಿಬಿಡ್ತಾರೆ. ಇನ್ನು ಎರಡೇ ಸಲ ಬಾಕಿ, ಪೂರ್ತಿ ಹಾಕಿಸ್ಕೊಂಡು ಆ ಪೀಡೆ ಕಳ್ಕೋತೀನಿ.”

“ನಾನ್ಯಾಕೆ ಹೇಳ್ಲಿ? ಇವತ್ತು ಅವರೇ ಪರೀಕ್ಷೆ ಮಾಡ್ತಾರಂತೆ.”

“ಮಾಡ್ಲಿ. ನಲವತ್ತು ವರ್ಷ ಕಚೇರಿಗಳಲ್ಲಿ ನುಡಿಸಿದವನು ನಾನು.”

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೇಷ್ಟ್ರ ಕೈಯನ್ನು ಮೇಜಿನ ಮೇಲೆ ಚಾಚಿಸಿ, “ಕಣ್ಣು ಮುಚ್ಕೊಳ್ಳಿ ಮೇಷ್ಟ್ರೇ. ಸೂಜಿ ಚುಚ್ಚಿದಾಗಲೆಲ್ಲ ಹೂಂ ಅನ್ನಿ” ಎಂದರು.

ಮೊಣಕೈ ಹತ್ತಿರ ಚುಳ್ಳೆಂದಿತು. “ಹೂಂ.” ಸ್ವಲ್ಪ ಕೆಳಗೆ ಮತ್ತೊಂದು. “ಹೂಂ.” ನಾಲ್ಕು ಸಲ ಚುಚ್ಚುವುದರೊಳಗೆ ಮೇಷ್ಟ್ರಿಗೆ ಡಾಕ್ಟರಮ್ಮನ ನಡೆ ಸಿಕ್ಕಿಬಿಟ್ಟಿತು. ನಿಧಾನದ ಆದಿತಾಳ: ಎಣಿಕೆಗೊಂದು ಚುಚ್ಚು, ಎಂಟು ಎಣಿಕೆಗೆ ಒಂದು ಆವರ್ತ. ಮಣಿಕಟ್ಟು ದಾಟಿದ ಮೇಲೆ ಏನೂ ತಿಳಿಯಲಿಲ್ಲ. ತಿಳಿಯಬೇಕಾದ ಅಗತ್ಯವೂ ಅವರಿಗೆ ಕಾಣಲಿಲ್ಲ.

“ಹೂಂ. ಹೂಂ. ಹೂಂ.”

ಕೂದಲೆಳೆಯಷ್ಟೂ ಹಿಂದುಮುಂದಾಗಲಿಲ್ಲ. ಡಾಕ್ಟರಮ್ಮ ತುಟಿ ಪಿಟಕ್ಕೆನ್ನದೆ ಇದ್ದುದರಿಂದ ಬೆರಗಾಗಿ ಕೂತಿರಬೇಕು ಎನ್ನಿಸಿತು. ಈಚೆಗೆ ಯಾವ ಸಭೆಯೂ ತಮ್ಮ ಲಯವನ್ನು ಇಷ್ಟು ಗಮನ ಕೊಟ್ಟು ಕೇಳಿರಲಿಲ್ಲ. ಹುರುಪಿನಲ್ಲಿ ಮೇಷ್ಟ್ರ ತಲೆಯೂ ತೂಗತೊಡಗಿತು.

“ಹೂಂ. ಹೂಂ.”

ಹೆಂಡತಿ ಮೆಲ್ಲಗೆ ಅವರ ಭುಜ ಮುಟ್ಟಿದಳು.

“ಸಾಕು, ನಿಲ್ಲಿಸ್ರೀ. ಅವರು ಸೂಜಿ ಕೆಳಗಿಟ್ಟು ಆಗಲೇ ಒಂದು ಆವರ್ತ ಆಯ್ತು.”