ಬಂದ್ ಆದ ಚಾನೆಲ್

ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಸೌಂದರ್ಯಾಳ ಕೈ ಅಲ್ಲೇ ನಿಂತಿತು. ಮುಂದೆ ಏನು ಹೇಳುವುದೋ ತೋಚಲಿಲ್ಲ.

"ಮತ್ತ?" ಶರಣಬಸಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಬಾಗಲಾ ಹಾಕಿದ. ಆಮ್ಯಾಲೆ?"

"ನಿನ್ನಿ ಅಷ್ಟಕ್ಕ ಮುಗೀತ್ರಿ ಅತ್ತಿ."

ಸುಳ್ಳು. ನಿನ್ನೆ ಅದು ಶುರುವೇ ಆಗಿರಲಿಲ್ಲ. ಆ ಧಾರಾವಾಹಿ ಈ ಮನೆಯ ಟಿವಿಯಲ್ಲಿ ಯುಗಾದಿಗೂ ಮೊದಲೇ ನಿಂತುಹೋಗಿತ್ತು.

ಚಾನೆಲ್‌ನವರಿಗೂ ಕೇಬಲ್‌ನವರಿಗೂ ರೇಟಿನ ಜಗಳ ಹತ್ತಿ, ಕನ್ನಡ ಚಾನೆಲ್‌ಗಳೆಲ್ಲ ಒಂದೇ ದಿನ ಬಂದ್ ಆದವು. ಪರದೆಯ ಮೇಲೆ ನೀಲಿ ಬಣ್ಣ, ನಡುವೆ ಒಂದು ಸಾಲು ಕ್ಷಮಾಪಣೆ. ಚಾನೆಲ್ ಇಳಿದರೂ ಬಿಲ್ ಮಾತ್ರ ಏರಿತು. ನೋಡುವುದನ್ನು ಕಿತ್ತುಕೊಂಡು, ಯಾರೂ ನೋಡದ ಮೀನು ಹಿಡಿಯುವ ಚಾನೆಲ್‌ಗೆ ದುಡ್ಡು ಕೇಳುತ್ತಾರೆಂದು ಕಾಲನಿಯ ಹೆಂಗಸರು ನಗುತ್ತಲೇ ಶಾಪ ಹಾಕಿದರು. ಸೌಂದರ್ಯಾಳ ಗಂಡ ಸೂರ್ಯಕಾಂತ ನಗಲಿಲ್ಲ. ಹೊಸ ಬಿಲ್ ನೋಡಿದವನೇ ರಿಮೋಟನ್ನು ಗೋಡೆಗೆ ಬೀಸಿದ. ರಬ್ಬರ್ ಬ್ಯಾಂಡಿನಲ್ಲಿ ಸುತ್ತಿದ ಆ ರಿಮೋಟು ಈಗಲೂ ಅವನ ಕೈಯಲ್ಲೇ ಇತ್ತು. ಅಂದಿನಿಂದ ಮನೆಯಲ್ಲಿ ಯಾರೂ ಕೇಬಲ್ಲಿನ ಹೆಸರೆತ್ತುವಂತಿರಲಿಲ್ಲ.

ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡ ಮೇಲೆ ಶರಣಬಸಮ್ಮ ಒಳಕೋಣೆಯಲ್ಲೇ ಮಲಗಿದ್ದರು. ಕಿವಿಯೂ ಮಂದ ಎಂದು ಎಲ್ಲರ ಲೆಕ್ಕ. ಹೀಗಾಗಿ ಸಂಜೆ ರೊಟ್ಟಿ ಬಡಿಯುತ್ತ ಸೌಂದರ್ಯಾ ಧಾರಾವಾಹಿ ನೋಡುವುದು, ಮರುದಿನ ಮಧ್ಯಾಹ್ನ ಎಣ್ಣೆ ತಿಕ್ಕುತ್ತ ಅತ್ತೆಗೆ ಕಥೆ ಒಪ್ಪಿಸುವುದು ರೂಢಿಯಾಗಿತ್ತು. ಈಗ ಅದು ನಿಂತಿದೆ ಎಂದರೆ ಅತ್ತೆ ಮಗನನ್ನು ಕೇಳುತ್ತಾರೆ. ಸೂರ್ಯಕಾಂತ ತಾಯಿಗೆ ಏನೂ ಅನ್ನುವವನಲ್ಲ. ಅದೇ ಅವಳ ಭಯ.

ಕಥೆ ಕಟ್ಟತೊಡಗಿದಳು.

ಮೊದಮೊದಲು ಸಲೀಸಾಗಿತ್ತು. ಕಳುವಾದ ಸರ, ಹೊಟ್ಟೆಕಿಚ್ಚಿನ ನೆಗೆಣ್ಣಿ. ಆ ಸರಕು ಮುಗಿದ ಮೇಲೆ ಕಥೆ ತನ್ನ ಪಾಡಿಗೆ ತಾನೇ ನಡೆಯತೊಡಗಿತು. ಧಾರಾವಾಹಿಯ ಹುಡುಗಿಯ ಗಂಡ, ಬೆಂಗಳೂರಿನ ಬಂಗಲೆಯ ಮಾಲೀಕ, ಮಂದಿಯೆದುರು ಬಂಗಾರದಂಥವನು, ಮನೆಯೊಳಗೆ ಬೇರೆಯೇ ಆದ. ಹೇಳುತ್ತ ಹೇಳುತ್ತ ಸೌಂದರ್ಯಾಳ ದನಿ ಪಿಸುಮಾತಿಗೆ ಇಳಿಯುತ್ತಿತ್ತು. ಆದರೂ ಅತ್ತೆ ಒಮ್ಮೆಯೂ "ಏನಂದಿ?" ಎಂದು ಕೇಳಿರಲಿಲ್ಲ.

"ಆ ಹುಡುಗಿ ಅತ್ತಿ ಏನ್ ಮಾಡಾಕತ್ತಾಳ?" ಒಂದು ದಿನ ಕೇಳಿದರು.

"ಹಾಸಿಗಿ ಹಿಡದಾಳ್ರಿ, ಪಾಪ."

"ಹಾಸಿಗಿ ಹಿಡದ್ರ ಬಾಯಿನೂ ಬಿದ್ದು ಹೋಗತೈತೇನು?"

ಇನ್ನೊಂದು ದಿನ, "ಗಂಡ ಮೊದಲ ಪಾಳಿಗೆ ಹ್ವಾದ ಕೂಡಲೇ ಆಕಿ ಲಿಂಗಂಪಲ್ಲಿ ಟೇಶನ್ನಿಗೆ ಹೋಗಲಿ. ಬೀದರ ರೈಲು ಸಿಗತೈತಿ" ಅಂದರು.

ಬಂಗಲೆಯ ಮಾಲೀಕನಿಗೆ ಎಲ್ಲಿಯ ಪಾಳಿ? ಫ್ಯಾಕ್ಟರಿಯ ಪಾಳಿ ಸೂರ್ಯಕಾಂತನದು. ಬೀದರಿನಲ್ಲಿ ಅಣ್ಣ ಇರುವುದು ಸೌಂದರ್ಯಾಳಿಗೆ, ಆ ಹುಡುಗಿಗಲ್ಲ. ಅತ್ತೆಗೆ ಅರಳುಮರಳು ಶುರುವಾಯಿತೆಂದು ಅವಳಿಗೆ ಇನ್ನಷ್ಟು ಭಯವಾಯಿತು. ಅರಳುಮರಳಿನ ಬಾಯಿ ಮಗನೆದುರು ಏನನ್ನೂ ಆಡೀತು.

ಈಚೆಗೆ ಇನ್ನೊಂದು ದಿಗಿಲು. ಸಂಜೆ ಅಡುಗೆಮನೆಯ ಗೋಡೆಯಾಚೆ, ನೆರೆಯ ಮಾನಸಾಳ ಮನೆಯಿಂದ ಆ ಧಾರಾವಾಹಿಯ ಹಾಡು ಕೇಳಿಸುತ್ತಿತ್ತು. ಹೆಚ್ಚಿಗೆ ದುಡ್ಡು ಕೊಟ್ಟು ಹಾಕಿಸಿಕೊಂಡಿರಬೇಕು ಅಂದುಕೊಂಡಳು. ಸದ್ಯ, ಸೂರ್ಯಕಾಂತ ಬಂದವನೇ ತನ್ನ ಹಿಂದಿ ಸುದ್ದಿ ಚಾನೆಲ್ ಹಚ್ಚಿ ಸೌಂಡ್ ಏರಿಸುತ್ತಿದ್ದ; ಆ ಹಾಡು ಅತ್ತೆಯ ಕೋಣೆಗೆ ಮುಟ್ಟುತ್ತಿರಲಿಲ್ಲ. ಮಂದ ಕಿವಿಯ ತಾಯಿಗೂ ಕೇಳಲಿ ಅಂತ, ಎಂಥ ಮಗ, ಎಂದು ಮಾನಸಾ ಹೊಗಳುತ್ತಿದ್ದಳು.

ಬಾಗಿಲ ಗಂಟೆ ಹೊಡೆಯಿತು.

ಸೌಂದರ್ಯಾ ಬೆಚ್ಚಿ ಎದ್ದಳು. ಇಷ್ಟು ಬೇಗ ಅವನೇ ಬಂದನೇ? ರವಿಕೆಯ ತೋಳುಗಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಇಂಥ ಬಿಸಿಲಲ್ಲಿ ಉದ್ದ ತೋಳೇಕೆ ಎಂದವರಿಗೆ ಬೆವರುಸಾಲೆ ಎಂದು ಹೇಳಿದ್ದಳು.

ಬಾಗಿಲಲ್ಲಿದ್ದವನು ಕೇಬಲ್ಲಿನ ಬಸು. ಮೆಲ್ಲಗೆ ಮಾತಾಡು ಎಂದು ಸನ್ನೆ ಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಕೇಳಿದಳು.

"ಕನ್ನಡ ಚಾನೆಲ್ ಯಾವಾಗ ಬರ್ತಾವಪಾ?"

ಬಸು ಅವಳನ್ನೇ ನೋಡಿದ.

"ಜಗಳ ಮುಗದು ಭಾಳ ದಿನ ಆತಲ್ರಿ ಅಕ್ಕಾರ. ಕಾಲನಿ ತುಂಬ ಬರಾಕತ್ತಾವು. ನಿಮ್ಮ ಬಾಕ್ಸಿಗೂ ಹಚ್ಚಾಕ ಬಂದಿದ್ದೆ, ನೀವು ಕಾಯಿಪಲ್ಯಾಕ್ಕ ಹೋಗಿದ್ರಿ. ನಿಮ್ಮ ಅತ್ತಿಯವರು ವಾಕರ್ ಹಿಡ್ಕೊಂಡು ಬಾಗಲಿಗೆ ಬಂದ್ರು."

"ಅತ್ತಿ? ಬಾಗಲಿಗೆ?"

"ಹೂಂನ್ರಿ. ಹಚ್ಚಬ್ಯಾಡಪಾ ಅಂದ್ರು. 'ನನ್ನ ಸೊಸಿ ತನ್ನ ಕಥಿ ತಾ ಹೇಳಾಕತ್ತಾಳ. ಟಿವಿ ಬಂತಂದ್ರ ಬಾಯಿ ಮುಚ್ಚಿಬಿಡತಾಳ' ಅಂದ್ರು."

ಅವನು ಮೆಟ್ಟಿಲಿಳಿದು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಒಳಗಿನಿಂದ ಕೆಮ್ಮು ಕೇಳಿಸಿತು.

ಬಂದು ಮಂಚದ ಬಳಿ ಕೂತಳು. ಶರಣಬಸಮ್ಮನ ಕಣ್ಣುಗಳು ಮುಚ್ಚಿಯೇ ಇದ್ದವು. ಯಾರು ಬಂದಿದ್ದರೆಂದು ಅವರು ಕೇಳಲಿಲ್ಲ.

"ಮುಂದ ಹೇಳು. ಬಾಗಲಾ ಹಾಕಿದ. ಟಿವಿ ಸೌಂಡ್ ಏರಿಸಿದ. ಆಮ್ಯಾಲೆ?"

ಟಿವಿ ಸೌಂಡಿನ ಮಾತು ಅವಳ ಕಥೆಯಲ್ಲಿ ಎಂದೂ ಬಂದಿರಲಿಲ್ಲ.

ಎಣ್ಣೆಯ ಬಟ್ಟಲಿಗೆ ಕೈಯಿಡುವ ಮೊದಲು ಸೌಂದರ್ಯಾ, ಇಷ್ಟು ದಿನ ಮಾಡದ ಒಂದು ಕೆಲಸ ಮಾಡಿದಳು. ರವಿಕೆಯ ಎರಡೂ ತೋಳುಗಳನ್ನು ಮೊಣಕೈ ಮೇಲಕ್ಕೆ ಸರಿಸಿದಳು. ಶರಣಬಸಮ್ಮ ಕಣ್ಣು ತೆರೆದು ನೋಡಿದರು. ನೀಲಿಗಟ್ಟಿದ ಕಲೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಎಣ್ಣೆಗೆ ಚಾಚಿದ ಆ ಕೈಗಳನ್ನು ಮೆಲ್ಲಗೆ ಹಿಡಿದು ಬದಿಗಿಟ್ಟರು.

"ನನ್ನ ಕಾಲು ಈಗ ಚಲೋ ಅದಾವು. ನಾಳಿಂದ ಎಣ್ಣಿ ಬ್ಯಾಡ."

ನಾಳೆ ಸೂರ್ಯಕಾಂತನದು ಮೊದಲ ಪಾಳಿ. ಕಥೆ ಎಲ್ಲಿಗೆ ಮುಟ್ಟುತ್ತದೆಂದು ಸೌಂದರ್ಯಾಳಿಗೆ ಈಗ ಗೊತ್ತಿತ್ತು: ಬೀದರಿಗೆ.